ಗುಂಡು ಹಾರಿದ ಮೇಲಿನ ಮಾತುಗಳು
ಪೊಲೀಸರ ಗುಂಡಿಗೆ ಒಬ್ಬ ಮನುಷ್ಯ ಸತ್ತಿದ್ದಾನೆ. ಆದರೆ ಬೆಳಿಗ್ಗೆಯಿಂದ ಮೊಬೈಲಿನಲ್ಲಿ ಹರಿದಾಡುತ್ತಿರುವುದೆಲ್ಲ ಅವನ ಮನೆಯೊಳಗಿನ ನಿಷಿದ್ಧ ಸಂಬಂಧದ ಕಥೆಯೇ. ಯಾರು ಯಾರೊಂದಿಗಿದ್ದರು, ಅತ್ತಿಗೆಯೋ ನಾದಿನಿಯೋ, ಮನೆಯವರಿಗೆ ಗೊತ್ತಿತ್ತೋ ಇಲ್ಲವೋ. ಗುಂಡು ಹಾರಿಸಲೇಬೇಕಾದ ಪರಿಸ್ಥಿತಿ ಇತ್ತೇ ಎಂದು ಕೇಳುವವರೇ ಕಾಣುತ್ತಿಲ್ಲ.

ನನಗೆ ಸಂಕಟವಾಗುವುದು ಇಲ್ಲಿ. ವದಂತಿ ನಿಜವೇ ಎಂದುಕೊಳ್ಳೋಣ, ಆಗಲೂ ಅದು ಗುಂಡಿಗೆ ಸಮರ್ಥನೆಯಾಗದು. ವಿವಾಹೇತರ ಸಂಬಂಧ ಶಿಕ್ಷಾರ್ಹ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿಯೇ ಹೇಳಿದೆ. ಅಪರಾಧವೇ ನಡೆದಿದ್ದರೂ ಶಿಕ್ಷೆ ಕೊಡಬೇಕಾದದ್ದು ನ್ಯಾಯಾಲಯ.

ಪೊಲೀಸ್ ಗುಂಡಿಗೆ ಸಾವು ಸಂಭವಿಸಿದರೆ ಏನೇನು ಆಗಬೇಕು ಎಂಬುದನ್ನು ಅದೇ ನ್ಯಾಯಾಲಯ 2014ರಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದೆ. ಎಫ್‌ಐಆರ್ ದಾಖಲಾಗಬೇಕು. ಸಿಐಡಿ ಅಥವಾ ಬೇರೆ ಠಾಣೆಯ ತಂಡ ಹಿರಿಯ ಅಧಿಕಾರಿಯ ಉಸ್ತುವಾರಿಯಲ್ಲಿ ತನಿಖೆ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಗುಂಡು ಹಾರಿಸಿದವರು ತಮ್ಮ ಆಯುಧವನ್ನು ವಿಧಿವಿಜ್ಞಾನ ಪರೀಕ್ಷೆಗೆ ಒಪ್ಪಿಸಬೇಕು. ಘಟನೆಯ ಬೆನ್ನಿಗೇ ಬಡ್ತಿಯಾಗಲಿ ಶೌರ್ಯ ಪ್ರಶಸ್ತಿಯಾಗಲಿ ಕೊಡುವಂತಿಲ್ಲ. ಇವುಗಳಲ್ಲಿ ಒಂದನ್ನಾದರೂ ನಾವು ವಿಚಾರಿಸಿದೆವೇ? ಸತ್ತವನ ನಡತೆ ಕೆಟ್ಟದ್ದು ಎಂದು ಒಮ್ಮೆ ಹಬ್ಬಿದರೆ ಸಾಕು, ಅವನ ಸಾವಿನ ಲೆಕ್ಕ ಕೇಳುವವರೂ ನಾಚಿಕೊಂಡು ಸುಮ್ಮನಾಗುತ್ತಾರೆ. ಸತ್ತವನಂತೂ ಉತ್ತರ ಕೊಡಲಾರ. ಬದುಕಿರುವ ಹೆಂಗಸರು ಅದೇ ಬೀದಿಯಲ್ಲಿ ನಾಳೆಯೂ ನಡೆಯಬೇಕು.

ಆ ಮನೆಯವರ ಫೋಟೋಗಳನ್ನು ದಯವಿಟ್ಟು ನನಗೆ ಕಳುಹಿಸಬೇಡಿ. ಮ್ಯಾಜಿಸ್ಟ್ರೇಟ್ ವರದಿ ಸಿಕ್ಕರೆ ಕಳುಹಿಸಿ, ಪೂರ್ತಿ ಓದುತ್ತೇನೆ.