ವಯಸ್ಸಾಯ್ತಲ್ಲ, ಇನ್ನೇನು ಮಾಡೋಕಾಗುತ್ತೆ?

ನಮ್ಮ ಮನೆಯ ಮುದಿ ನಾಯಿ ಕೆಂಚಿಯನ್ನು ನೋಡಿದವರೆಲ್ಲ ಕೇಳುವ ಪ್ರಶ್ನೆ ಇದೊಂದೇ. ಅವಳು ಹಿಂಗಾಲು ಎಳೆದುಕೊಂಡು ಮೆಲ್ಲಗೆ ನಡೆಯುವುದನ್ನು ಸ್ವಲ್ಪ ಹೊತ್ತು ನೋಡುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಪಾಪ, ವಯಸ್ಸಾಯ್ತಲ್ಲ, ಇನ್ನೇನು ಮಾಡೋಕಾಗುತ್ತೆ?" ಅನ್ನುತ್ತಾರೆ. ದೊಡ್ಡಮ್ಮ ಫೋನ್ ಮಾಡಿದಾಗಲೂ ಅದೇ ಮಾತು. "ಅದಕ್ಕೂ ವಯಸ್ಸಾಯ್ತಲ್ಲೇ, ನೀನ್ಯಾಕೆ ಇಷ್ಟು ಒದ್ದಾಡ್ತೀಯ?"

ಯಾರದ್ದೂ ಕೆಟ್ಟ ಮನಸ್ಸಲ್ಲ. ನನಗೆ ಸಮಾಧಾನ ಆಗಲಿ ಅಂತಲೇ ಹೇಳುತ್ತಾರೆ. ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾಕೆಂದರೆ ಅದನ್ನೇ ನಂಬಿಕೊಂಡು ನಾನೂ ಹೆಚ್ಚುಕಡಿಮೆ ಒಂದು ವರ್ಷ ಸುಮ್ನೆ ಕೂತಿದ್ದೆ. ಆ ವರ್ಷವಿಡೀ ಅವಳು ನೋವು ತಿಂದಳು. ಅದಕ್ಕೇ ಈ ಸಲ ಉತ್ತರವನ್ನು ಬರೆದೇ ಇಡುತ್ತಿದ್ದೇನೆ.

ಕೆಂಚಿ ಯಾರೋ ಸಾಕಿ, ಬೇಡವಾದಾಗ ರಸ್ತೆಬದಿಯಲ್ಲಿ ಬಿಟ್ಟುಹೋದ ನಾಯಿ. ನಮ್ಮ ಕೈಗೆ ಸಿಕ್ಕಾಗ ಕುತ್ತಿಗೆಯಲ್ಲಿ ಬೆಲ್ಟಿನ ಗುರುತಿತ್ತು, ಬೆಲ್ಟ್ ಇರಲಿಲ್ಲ. ಯಾರಾದರೂ ಕೈ ಎತ್ತಿದರೆ ಸಾಕು, ನೆಲಕ್ಕೆ ಅಂಟಿಕೊಂಡುಬಿಡುತ್ತಿದ್ದಳು. ವಯಸ್ಸೆಷ್ಟು ಅಂತ ಗೊತ್ತಿರಲಿಲ್ಲ. ಮರಿಯಾದರೆ ಹಲ್ಲು ನೋಡಿ ತಿಂಗಳ ಲೆಕ್ಕದಲ್ಲಿ ಹೇಳಬಹುದು. 6-7 ತಿಂಗಳಿಗೆ ದೊಡ್ಡ ಹಲ್ಲುಗಳೆಲ್ಲ ಬಂದುಬಿಡುತ್ತವೆ, ಆಮೇಲಿನದೆಲ್ಲ ಅಂದಾಜು. "4 ಇರಬಹುದು, 6 ಇದ್ದರೂ ಇರಬಹುದು" ಅಂದಿದ್ದರು ಡಾಕ್ಟರ್. ಅದಾಗಿ 9 ವರ್ಷವಾಯಿತು. ಹಾಗಾಗಿ ಅವಳಿಗೆ ಈಗ 13 ಆಗಿರಬಹುದು, 15 ಕೂಡ ಆಗಿರಬಹುದು. ಹುಟ್ಟಿದ ವರ್ಷವೇ ಗೊತ್ತಿಲ್ಲದವಳಿಗೆ "ವಯಸ್ಸಾಯ್ತು" ಅಂತ ಷರಾ ಬರೆಯುವುದು ಮಾತ್ರ ನಮಗೆ ಎಷ್ಟು ಸುಲಭ ನೋಡಿ.

ಮೊದಲು ಬದಲಾದದ್ದು ಮೆಟ್ಟಿಲಿನ ಹತ್ತಿರ. ಮನೆ ಮುಂದೆ ಎರಡೇ ಮೆಟ್ಟಿಲು. ಒಂದೇ ನೆಗೆತಕ್ಕೆ ಹತ್ತುತ್ತಿದ್ದವಳು ಕೆಳಗೆ ನಿಂತು ಮೆಟ್ಟಿಲನ್ನು ನೋಡತೊಡಗಿದಳು. ನೋಡಿ, ಮುಂಗಾಲು ಇಟ್ಟು, ಮತ್ತೆ ತೆಗೆದು, ಸ್ವಲ್ಪ ಹೊತ್ತು ಯೋಚಿಸಿ ಹತ್ತುತ್ತಿದ್ದಳು. ಮಲಗಿದಲ್ಲಿಂದ ಏಳುವಾಗ ಮೊದಲು ಎದೆ ಎತ್ತಿ, ಹಿಂಭಾಗ ಏಳದೆ ಹಾಗೇ ಕೂತಿರುತ್ತಿದ್ದಳು. ಅವಳನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರ್‌ ಹತ್ತಿರ ಕರೆದುಕೊಂಡು ಹೋದೆ. ಮುಟ್ಟಿ ಕೂಡ ನೋಡದೆ "ವಯಸ್ಸಾಯ್ತು" ಅಂದರು. ನಾನೂ ತಲೆಯಾಡಿಸಿ ಬಂದೆ.

ನೋವಾದರೆ ನಾಯಿ ಕುಂಯ್‌ಗುಡುತ್ತದೆ ಅಂತ ನಾನು ತಿಳಿದಿದ್ದೆ. ಕಾಲು ತುಳಿದರೆ ಕೂಗುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ಇರುವ ಕೀಲುನೋವಿಗೆ ನಾಯಿ ಕೂಗುವುದೇ ಇಲ್ಲ ಅನ್ನಬಹುದು. ಓಡುವ ಕಡೆ ನಡೆಯುತ್ತದೆ, ನಡೆಯುವ ಕಡೆ ಮಲಗುತ್ತದೆ, ಅಷ್ಟೇ. ನಮಗೆ ಅದು ಶಾಂತವಾಗಿರುವ ಹಾಗೆ ಕಾಣುತ್ತದೆ. ಒಂದು ಸಂಜೆ ಅವಳ ಕಾಲು ಒರೆಸುತ್ತಿದ್ದೆ. ಹಿಂಗಾಲಿನ ನಡುವಿನ ಎರಡು ಉಗುರು ಮುಂದಿನಿಂದ ಸವೆದು ಚಪ್ಪಟೆಯಾಗಿದ್ದವು. ಕಾಲು ಎತ್ತಿ ಇಡಲಾಗದೆ, ನೆಲಕ್ಕೆ ಉಜ್ಜಿಕೊಂಡೇ ನಡೆಯುತ್ತಿದ್ದಳು. ಮೊಣಕಾಲಿನ ಮೇಲಿನ ಕೂದಲು ನೆಕ್ಕಿ ನೆಕ್ಕಿ ಕಂದುಬಣ್ಣಕ್ಕೆ ತಿರುಗಿತ್ತು. ಆ ಉಗುರುಗಳನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ದಿನಾ ಒರೆಸುತ್ತಿದ್ದ ಕಾಲು ಅದು.

ಬೇರೆ ಡಾಕ್ಟರ್ ಎಕ್ಸ್-ರೇ ತೆಗೆಸಿದರು. ಸೊಂಟದ ಕೀಲು, ಮೊಣಕಾಲು ಎರಡೂ ಸವೆದಿದ್ದವು. ರಕ್ತ ಪರೀಕ್ಷೆ ಮಾಡಿ, ಲಿವರ್ ಮತ್ತು ಕಿಡ್ನಿ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ, ನಾಯಿಗಳಿಗೇ ಅಂತ ಇರುವ ನೋವಿನ ಔಷಧ ಕೊಟ್ಟರು. ಒಂದು ವಾರ ಕಳೆದಿರಬೇಕು. ನಾನು ಬಾಗಿಲಲ್ಲಿ ನಿಂತಿದ್ದೆ. ಕೆಂಚಿ ಬಂದಳು, ಮೆಟ್ಟಿಲು ಹತ್ತಿದಳು, ನನ್ನನ್ನು ದಾಟಿ ಒಳಗೆ ಹೋದಳು. ನಿಲ್ಲಲಿಲ್ಲ, ಯೋಚಿಸಲಿಲ್ಲ. ವಯಸ್ಸು ಒಂದು ವಾರದಲ್ಲಿ ಕಡಿಮೆಯಾಗುವುದಿಲ್ಲ, ಅಲ್ವಾ? ಕಡಿಮೆಯಾದದ್ದು ನೋವು.

ಇಲ್ಲೊಂದು ಮಾತು ಹೇಳಲೇಬೇಕು. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ಅರ್ಧ ಮುರಿದು ಕೊಡೋಣ ಅಂತ ದಯವಿಟ್ಟು ಯೋಚಿಸಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಲಿವರ್ ಹಾಳುಮಾಡಬಹುದು. ಪ್ರೀತಿಯಿಂದ ಕೊಟ್ಟ ಮಾತ್ರೆಯಿಂದಲೇ ಜೀವ ಹೋಗುವುದುಂಟು.

ಔಷಧದಷ್ಟೇ ಕೆಲಸ ಮಾಡಿದ್ದು ಎರಡು ಸಾದಾ ವಿಷಯ. ಒಂದು, ನುಣುಪಾದ ನೆಲದ ಮೇಲೆ ಅವಳು ಓಡಾಡುವ ದಾರಿಯುದ್ದಕ್ಕೂ ಜಾರದ ಚಾಪೆ ಹಾಸಿದ್ದು. ಇನ್ನೊಂದು, ತೂಕ ಇಳಿಸಿದ್ದು. ವಯಸ್ಸಾಗಿದೆ, ತಿನ್ನಲಿ ಬಿಡಿ ಅಂತ ಜಾಸ್ತಿ ಹಾಕುತ್ತಿದ್ದೆವು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವನಪೂರ್ತಿ ಗಮನಿಸಿದರು. ಕಡಿಮೆ ತಿಂದವು ಸುಮಾರು 2 ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಬಂತು. ಇದನ್ನು ಓದಿದ ಮೇಲೆ ತಟ್ಟೆಗೆ ಹಾಕುವಾಗ ನನ್ನ ಕೈ ತಾನಾಗಿ ಹಿಡಿತಕ್ಕೆ ಬಂತು.

ಆಮೇಲೆ "ವಯಸ್ಸು" ಅಂತ ನಾನು ಬಿಟ್ಟುಬಿಟ್ಟಿದ್ದನ್ನೆಲ್ಲ ಒಂದೊಂದಾಗಿ ಡಾಕ್ಟರ್ ಮುಂದೆ ಇಟ್ಟೆ. ಕಣ್ಣಿನ ನೀಲಿ ಮಬ್ಬು ಪೊರೆ ಅಂದುಕೊಂಡಿದ್ದೆ. ಅಲ್ಲ, ವಯಸ್ಸಾದಂತೆ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತದಂತೆ, ನೋಟಕ್ಕೆ ಅಷ್ಟೇನೂ ತೊಂದರೆಯಿಲ್ಲ. ಇದೊಂದು ಮಾತ್ರ ನಿಜಕ್ಕೂ ಬರೀ ವಯಸ್ಸು! ಬಾಯಿ ವಾಸನೆ ಹಲ್ಲಿನ ಸೋಂಕಿನದು. ಮಲಗಿದಾಗ ಮೂತ್ರ ಸೋರುವುದಕ್ಕೆ ಔಷಧವಿದೆ, ಮರಿಯಾಗದ ಹಾಗೆ ಆಪರೇಷನ್ ಆದ ಹೆಣ್ಣುನಾಯಿಗಳಲ್ಲಿ ಇದು ಸಾಮಾನ್ಯ. ನಿದ್ದೆಯಲ್ಲಿದ್ದಾಗ ಉಸಿರು ಎಣಿಸುವುದನ್ನೂ ಅವರೇ ಕಲಿಸಿಕೊಟ್ಟರು. ನಿಮಿಷಕ್ಕೆ 30ರೊಳಗೆ ಇರಬೇಕು. ದಿನಾ ಅದಕ್ಕಿಂತ ಜಾಸ್ತಿ ಬರುತ್ತಿದ್ದರೆ ಹೃದಯವನ್ನೋ ಶ್ವಾಸಕೋಶವನ್ನೋ ನೋಡಿಸಬೇಕು.

ಕಳೆದ ವರ್ಷದ ಒಂದು ರಾತ್ರಿಯ ಬಗ್ಗೆ ಹೇಳದೆ ಈ ಉತ್ತರ ಪೂರ್ತಿಯಾಗುವುದಿಲ್ಲ. ಧಡ್ ಅಂತ ಸದ್ದಾಯಿತು. ಎದ್ದು ನೋಡಿದರೆ ಕೆಂಚಿ ಗೋಡೆಗೆ ಒರಗಿ ಬಿದ್ದಿದ್ದಾಳೆ. ತಲೆ ಎಡಕ್ಕೆ ವಾಲಿದೆ. ಏಳಲು ಹೋಗಿ ಅದೇ ಕಡೆಗೆ ಉರುಳುತ್ತಾಳೆ. ಬಾಯಲ್ಲಿ ಜೊಲ್ಲು. ಓಡುವ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುವವರ ಕಣ್ಣು ಹೊಯ್ದಾಡುತ್ತದಲ್ಲ, ಹಾಗೆ ಅವಳ ಕಣ್ಣು ಪಕ್ಕದಿಂದ ಪಕ್ಕಕ್ಕೆ ಹೊಯ್ದಾಡುತ್ತಿತ್ತು. ಲಕ್ವ ಹೊಡೆದಿದೆ ಅಂತಲೇ ಎಲ್ಲರೂ ಅಂದರು. "ಇನ್ನು ನರಳಿಸೋದು ಬೇಡ, ಬೆಳಗ್ಗೆ ಇಂಜೆಕ್ಷನ್ ಕೊಡಿಸಿಬಿಡೋಣ" ಅಂತ ಮನೆಯಲ್ಲಿ ಮಾತಾಯಿತು. ನಾನೂ ಹೂಂ ಅಂದಿದ್ದೆ.

ಬೆಳಗ್ಗೆ ಡಾಕ್ಟರ್ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಪಾದಗಳನ್ನು ಮಡಿಸಿ ಬಿಟ್ಟು ನೋಡಿದರು. "ಇದು ಲಕ್ವ ಅಲ್ಲ ಅನ್ನಿಸುತ್ತೆ" ಅಂದರು. ಒಳಕಿವಿಯಲ್ಲಿ ದೇಹದ ಸಮತೋಲ ಕಾಯುವ ವ್ಯವಸ್ಥೆ ಇದೆ. ಮುದಿ ನಾಯಿಗಳಲ್ಲಿ ಅದು ಕಾರಣವೇ ಇಲ್ಲದೆ ಒಮ್ಮೆಲೇ ಕೆಡುತ್ತದೆ, ತಾನಾಗಿಯೇ ಸರಿಹೋಗುತ್ತದೆ. ಮೊದಲ 2-3 ದಿನ ನೋಡಲಾಗದಷ್ಟು ಕೆಟ್ಟದಾಗಿರುತ್ತದೆ, ಆಮೇಲೆ 2-3 ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ಕಿವಿಯ ಸೋಂಕಿನಿಂದಲೋ ಮೆದುಳಿನ ತೊಂದರೆಯಿಂದಲೋ ಇದೇ ರೀತಿ ಆಗುವುದೂ ಇದೆ, ಅದಕ್ಕೇ ತೋರಿಸಲೇಬೇಕು. ಕೆಂಚಿಗೆ ವಾಕರಿಕೆ ನಿಲ್ಲುವ ಔಷಧ ಕೊಟ್ಟರು. ಹೊಟ್ಟೆಯ ಕೆಳಗೆ ಟವಲ್ ಹಾಕಿ ಎತ್ತಿ ಹಿಡಿದು ಹೊರಗೆ ಕರೆದೊಯ್ದೆವು. ಚಮಚದಲ್ಲಿ ನೀರು ಕುಡಿಸಿದೆವು. ಮೂರನೇ ದಿನ ಕಣ್ಣಿನ ಹೊಯ್ದಾಟ ನಿಂತಿತು. ಎರಡು ವಾರಕ್ಕೆ ತಾನೇ ನಡೆದಳು. ತಲೆ ಇವತ್ತಿಗೂ ಚೂರು ವಾಲಿದೆ, ಏನೋ ಕೇಳಿಸಿಕೊಳ್ಳುತ್ತಿರುವವರ ಹಾಗೆ. ಆ ರಾತ್ರಿ ನಾವು ತೀರ್ಮಾನ ಮಾಡಿಬಿಟ್ಟಿದ್ದರೆ? ಆಮೇಲಿನ 14 ತಿಂಗಳು ಅವಳು ಗೇಟಿನ ಹತ್ತಿರ ಬಿಸಿಲು ಕಾಯಿಸಿಕೊಂಡಿದ್ದಾಳೆ.

ಹಾಗಂತ ಎಲ್ಲವೂ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಈಗ ರಾತ್ರಿ ಹೊತ್ತು ಅವಳು ಮನೆಯೆಲ್ಲ ಸುತ್ತುತ್ತಾಳೆ. ಮೂಲೆಗೆ ಹೋಗಿ ಗೋಡೆ ನೋಡುತ್ತ ನಿಲ್ಲುತ್ತಾಳೆ. ಇದು ಮರೆವಿನ ಕಾಯಿಲೆ. 2001ರ ಒಂದು ಅಧ್ಯಯನದ ಪ್ರಕಾರ 11-12 ವರ್ಷದ ನಾಯಿಗಳಲ್ಲಿ ಶೇಕಡಾ 28ಕ್ಕೆ, 15-16 ವರ್ಷದವುಗಳಲ್ಲಿ ಶೇಕಡಾ 68ಕ್ಕೆ ಇದರ ಒಂದಾದರೂ ಲಕ್ಷಣ ಇತ್ತು. ಗುಣವಾಗುವಂಥದ್ದಲ್ಲ. ಸಣ್ಣ ದೀಪ ಹಚ್ಚಿಡುತ್ತೇವೆ, ಸಾಮಾನು ಜಾಗ ಬದಲಿಸುವುದಿಲ್ಲ, ಸಂಜೆ ಒಂದಷ್ಟು ದೂರ ನಡೆಸುತ್ತೇವೆ.

ಇದರಲ್ಲಿ ನನಗೆ ತಡೆಯಲಾಗದ್ದು ಒಂದೇ. ಅವಳ ಹಳೆಯ ಭಯ ವಾಪಸ್ ಬಂದಿದೆ. ಕೈ ಎತ್ತಿದರೆ ನೆಲಕ್ಕೆ ಅಂಟಿಕೊಳ್ಳುವುದು ಬಿಟ್ಟೇ 8 ವರ್ಷವಾಗಿತ್ತು. ಕಿವಿ ಮಂದವಾಯಿತು, ಕತ್ತಲಲ್ಲಿ ನಾನು ಹತ್ತಿರ ಹೋದದ್ದು ಗೊತ್ತಾಗುವುದಿಲ್ಲ, ಮುಟ್ಟಿದೊಡನೆ ಬೆಚ್ಚಿ ಕುಗ್ಗಿಬಿಡುತ್ತಾಳೆ. ಒಮ್ಮೆ ಕಚ್ಚಲೂ ಬಂದಳು. ನಾವು ಕೊಟ್ಟ ಒಳ್ಳೆಯ ವರ್ಷಗಳು ಮರೆತುಹೋಗಿ, ಯಾರೋ ಹೊಡೆದ ಆ ವರ್ಷಗಳೇ ನೆನಪಿನಲ್ಲಿ ಉಳಿದುಬಿಟ್ಟವೇನೋ ಅಂತ ಅವತ್ತು ತುಂಬ ಅತ್ತೆ. ಈಗ ಅವಳನ್ನು ಮುಟ್ಟುವ ಮೊದಲು ನೆಲದ ಮೇಲೆ ಕೂತು ಮೂಗಿನ ಮುಂದೆ ಕೈ ಹಿಡಿಯುತ್ತೇನೆ. ವಾಸನೆ ಸಿಕ್ಕ ಮೇಲೆ ಮುಟ್ಟುತ್ತೇನೆ.

ಇದರ ಜೊತೆಗೆ ಕಿಡ್ನಿ. ನೀರು ಜಾಸ್ತಿ ಕುಡಿಯತೊಡಗಿದಳು, ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಏರಿತ್ತು. ಅದು ಏರಿ ಕಾಣುವ ಹೊತ್ತಿಗೆ ಕಿಡ್ನಿಯ ಶಕ್ತಿ ಮುಕ್ಕಾಲು ಪಾಲು ಹೋಗಿರುತ್ತದೆ. ಮೆಟ್ಟಿಲು ಹತ್ತಿಸಿದ್ದ ಆ ನೋವಿನ ಔಷಧವನ್ನೇ ನಿಲ್ಲಿಸಬೇಕಾಯಿತು. ಬದಲಿಗೆ ಗ್ಯಾಬಪೆಂಟಿನ್ ಅನ್ನುವ ಬೇರೆ ನೋವಿನ ಔಷಧ ನಡೆಯುತ್ತಿದೆ, ಅದೂ ಕಡಿಮೆ ಪ್ರಮಾಣದಲ್ಲಿ. ಮೆಟ್ಟಿಲಿಗೆ ಹಲಗೆ ಹಾಕಿದ್ದೇವೆ. ಒಂದನ್ನು ಉಳಿಸಲು ಹೋದರೆ ಇನ್ನೊಂದು ಕೈಬಿಡುವ ಹಂತ ಇದು.

ಅದಕ್ಕೇ ಕೊನೆಯ ಬಗ್ಗೆ ಡಾಕ್ಟರ್ ಹತ್ತಿರ ಈಗಲೇ ಕೂತು ಮಾತಾಡಿದೆ. ಗಾಬರಿಯಲ್ಲಿ ಮಾಡಿದ ತೀರ್ಮಾನ ಹೇಗಿರುತ್ತದೆ ಅಂತ ಆ ರಾತ್ರಿ ನೋಡಿದ್ದೆನಲ್ಲ. ಆಲಿಸ್ ವಿಲ್ಲಲೋಬೋಸ್ ಅನ್ನುವ ಪಶುವೈದ್ಯೆ 2004ರಲ್ಲಿ ಮಾಡಿದ ಒಂದು ಅಳತೆಪಟ್ಟಿ ಇದೆ. ನೋವು, ಹಸಿವು, ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿಯೇ ಅನ್ನುವುದು. ಏಳಕ್ಕೂ ಹತ್ತತ್ತು ಅಂಕ, ಸ್ಥಿತಿ ಚೆನ್ನಾಗಿದ್ದಷ್ಟೂ ಅಂಕ ಜಾಸ್ತಿ. ಒಟ್ಟು 35ರ ಮೇಲಿದ್ದರೆ ಆರೈಕೆ ಮುಂದುವರಿಸಬಹುದು ಅಂತ ಅದರ ಲೆಕ್ಕ. ಭಾನುವಾರ ಭಾನುವಾರ ನಾನೂ ತಂಗಿಯೂ ಬೇರೆಬೇರೆ ಅಂಕ ಹಾಕುತ್ತೇವೆ. ನನ್ನದು ಯಾವಾಗಲೂ 5-6 ಜಾಸ್ತಿ ಇರುತ್ತದೆ. ಇಬ್ಬರು ಹಾಕುವುದು ಅದಕ್ಕೇ ಬೇಕು.

ಇಂಜೆಕ್ಷನ್ ಹೇಗೆ ಅಂತಲೂ ಕೇಳಿ ತಿಳಿದುಕೊಂಡೆ. ಮೊದಲು ಗಾಢ ನಿದ್ದೆಗೆ ಒಂದು. ಆಮೇಲೆ ರಕ್ತನಾಳಕ್ಕೆ ಇನ್ನೊಂದು, ಅದು ಅರಿವಳಿಕೆಯ ಔಷಧವೇ, ಪ್ರಮಾಣ ಜಾಸ್ತಿ. ಕೆಲವೇ ನಿಮಿಷ. ಕಣ್ಣು ತೆರೆದೇ ಇರುತ್ತವೆ. ಹೋದ ಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ ಕಾಣಬಹುದು, ಅದು ನೋವಲ್ಲ. ಇಷ್ಟನ್ನು ಮುಂಚೆಯೇ ತಿಳಿದುಕೊಂಡಿದ್ದರಿಂದ ನನಗೆ ರಾತ್ರಿ ಸ್ವಲ್ಪ ನಿದ್ದೆ ಬರುತ್ತಿದೆ. ನೋಡಿಕೊಳ್ಳುವವರೂ ಸುಸ್ತಾಗುತ್ತಾರೆ. ವಾರಕ್ಕೆ ಎರಡು ರಾತ್ರಿ ತಂಗಿ ಎದ್ದಿರುತ್ತಾಳೆ, ನಾನು ಬಾಗಿಲು ಹಾಕಿಕೊಂಡು ಮಲಗುತ್ತೇನೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ಅಂಕಗಳ ಜೊತೆಗೆ ಕೆಂಚಿಗೇ ಅಂತ ಮೂರು ವಿಷಯ ಬರೆದಿಟ್ಟಿದ್ದೇನೆ. ತಟ್ಟೆ ಹತ್ತಿರ ತಾನೇ ಬರುವುದು. ಬೆಳಗ್ಗೆ ಗೇಟಿನ ಕಂಬ ಮೂಸುವುದು. ಗೇಟಿನ ಸದ್ದಿಗೆ ಬಾಲ ಬಡಿಯುವುದು. ಇವುಗಳಲ್ಲಿ ಎರಡು ಒಂದು ವಾರ ಕಾಣದಿದ್ದರೆ ಡಾಕ್ಟರಿಗೆ ಫೋನ್ ಮಾಡುವುದು ಅಂತ ತಂಗಿಯೂ ನಾನೂ ಒಪ್ಪಿಕೊಂಡಿದ್ದೇವೆ.

ಕಿವಿ ಪೂರ್ತಿ ಹೋದ ಮೇಲೆ ಮೂರನೆಯದನ್ನು ಹೊಡೆದುಹಾಕಿ, ಮೂಗಿನ ಮುಂದೆ ಕೈ ಹಿಡಿದಾಗ ಅಂತ ತಿದ್ದಿದೆ. ಇವತ್ತು ಬೆಳಗ್ಗೆ ನೆಲದ ಮೇಲೆ ಕೂತು ಕೈ ಹಿಡಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೂಗು ಅಲುಗಿತು. ಆಮೇಲೆ ಚಾಪೆಯ ಮೇಲೆ ಬಾಲ, ಎರಡು ಸಲ.