ಆಲ್ಬುಮಿನ್ ಸಾಲಿನಲ್ಲಿ ನಿಂತ ಬೆರಳು

ನನ್ನ ಬೆಕ್ಕು ಗುಂಡ ನೀರಿನ ಬಟ್ಟಲಿನ ಅಂಚಿಗೆ ಗಲ್ಲವಿಟ್ಟು ಕೂರುತ್ತಿದ್ದ, ಆದರೆ ಒಂದು ಗುಟುಕೂ ಕುಡಿಯುತ್ತಿರಲಿಲ್ಲ. ಅವನ ತಂಗಿ ಪುಟ್ಟಿಗೆ ಒಂದೆರಡು ಸಲ ವಾಂತಿಯಾಗಿತ್ತಷ್ಟೆ, ಕರೆದರೆ ಇನ್ನೂ ಬಾಲ ಎತ್ತುತ್ತಿದ್ದಳು. ಇಬ್ಬರನ್ನೂ ಪಶುವೈದ್ಯೆಯ ಬಳಿಗೆ ಒಯ್ದೆ. ನಾಯಿಗಳಲ್ಲಿ ಪಾರ್ವೋ ವೈರಸ್ ಪತ್ತೆಗೆ ಬಳಸುವ ಕಿಟ್‌ನಲ್ಲೇ ಅವರು ಮಲ ಪರೀಕ್ಷಿಸಿದರು. ಎರಡರಲ್ಲೂ ಗೆರೆ ಮೂಡಿತು. ಬೆಕ್ಕಿನ ಪ್ಯಾನ್‌ಲ್ಯುಕೋಪೀನಿಯ, ಪಾರ್ವೋ ಬಗೆಯದೇ ವೈರಸ್ಸಿನಿಂದ ಬರುವ ರೋಗ.

ಬೇಗಬೇಗ ವಿಭಜನೆಯಾಗುವ ಜೀವಕೋಶಗಳೆಂದರೆ ಈ ವೈರಸ್ಸಿಗೆ ಹಬ್ಬ. ಅಸ್ಥಿಮಜ್ಜೆಗೆ ನುಗ್ಗಿ ಬಿಳಿ ರಕ್ತಕಣಗಳ ಹುಟ್ಟನ್ನೇ ನಿಲ್ಲಿಸುತ್ತದೆ, ಕರುಳಿನ ಒಳಪದರವನ್ನು ಕೆಡವುತ್ತದೆ. ರಕ್ತದ ವರದಿ ಬಂದಾಗ ನನ್ನ ಕಣ್ಣು ಹೋದದ್ದು ಬಿಳಿಕಣಗಳ ಸಾಲಿಗೆ. ಗುಂಡನಿಗೆ ಮೈಕ್ರೋಲೀಟರಿಗೆ 900, ಪುಟ್ಟಿಗೆ 2,800. ಆರೋಗ್ಯವಂತ ಬೆಕ್ಕಿನಲ್ಲಿ ಐದಾರು ಸಾವಿರವಾದರೂ ಇರಬೇಕು. ಪುಟ್ಟಿ ಉಳಿಯುತ್ತಾಳೆ, ಗುಂಡನ ಆಸೆ ಬಿಡಬೇಕು ಎಂದು ಮನಸ್ಸು ತನ್ನಷ್ಟಕ್ಕೆ ತೀರ್ಪು ಕೊಟ್ಟಾಗಿತ್ತು.

ವೈದ್ಯೆ ಒಪ್ಪಲಿಲ್ಲ. "ಸಾವಿರಕ್ಕಿಂತ ಕೆಳಗಿಳಿದರೆ ಅಪಾಯ ಹೆಚ್ಚು, ನಿಜ. ಆದರೆ ಇದನ್ನೂ ನೋಡಿ" ಎಂದು ಪುಟ್ಟಿಯ ವರದಿಯಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಸಾಲಿನ ಮೇಲೆ ಬೆರಳಿಟ್ಟರು. 2.1. ಅದರ ಕೆಳಗೆ ಪೊಟ್ಯಾಶಿಯಂ 3.2. ಆಲ್ಬುಮಿನ್ ಡೆಸಿಲೀಟರಿಗೆ 3 ಗ್ರಾಂಗಿಂತ, ಪೊಟ್ಯಾಶಿಯಂ 4ಕ್ಕಿಂತ ಕಡಿಮೆಯಿದ್ದ ಬೆಕ್ಕುಗಳು ಹೆಚ್ಚಾಗಿ ಸತ್ತದ್ದು ಅಧ್ಯಯನದಲ್ಲಿ ಕಂಡಿದೆಯಂತೆ. ಹರಿದ ಕರುಳಿನಿಂದ ಪ್ರೋಟೀನು ಸೋರಿಹೋಗುತ್ತದೆ, ವಾಂತಿಭೇದಿಯಲ್ಲಿ ಪೊಟ್ಯಾಶಿಯಂ ಹೋಗುತ್ತದೆ. ಗುಂಡನ ಆಲ್ಬುಮಿನ್ 3.3 ಇತ್ತು. ನಾನು ಹಿಗ್ಗುವ ಮೊದಲೇ ಅವರು ತಡೆದರು: ಮೈಯ ನೀರು ಬತ್ತಿದಾಗ ಆ ಅಂಕಿ ಇರುವುದಕ್ಕಿಂತ ಮೇಲೆ ಕಾಣುತ್ತದೆ, ಡ್ರಿಪ್ ಹಾಕಿದ ಮೇಲೆ ಮತ್ತೆ ನೋಡಬೇಕು.

ಉರಿಯೂತ ತಿಳಿಯಲು ಮನುಷ್ಯರಿಗೆ ಮಾಡುವ ಸಿಆರ್‌ಪಿ ರಕ್ತಪರೀಕ್ಷೆ ಮಾಡಿಸಬಾರದೇ ಎಂದು ಕೇಳಿದೆ. ಉರಿಯೂತವಿದ್ದರೂ ಬೆಕ್ಕಿನಲ್ಲಿ ಅದು ಏರುವುದಿಲ್ಲವಂತೆ. ಬೆಕ್ಕಿನ ರಕ್ತದಲ್ಲಿ ಥಟ್ಟನೆ ಏರುವುದು ಸೀರಂ ಅಮಿಲಾಯ್ಡ್ ಎ ಎಂಬ ಬೇರೊಂದು ಪ್ರೋಟೀನು. ಅದನ್ನು ಅಳೆಯುವ ಯಂತ್ರ ಅಲ್ಲಿರಲಿಲ್ಲ. ಇದ್ದಿದ್ದರೆ ಇನ್ನೊಂದು ಅಂಕಿಯನ್ನು ಹಿಡಿದುಕೊಂಡು ತಲೆ ಕೆಡಿಸಿಕೊಳ್ಳುತ್ತಿದ್ದೆ, ಅಷ್ಟೆ.

"ಡಾಕ್ಟರೇ, ಒಟ್ಟಿನಲ್ಲಿ ಇವು ಬದುಕುತ್ತವೆಯೇ?"

"ನೂರು ಬೆಕ್ಕುಗಳನ್ನು ತಂದರೆ ಅಂದಾಜು ಹೇಳಬಲ್ಲೆ. ನೀವು ತಂದಿರುವುದು ಎರಡು."

ಉತ್ತರ ಕೇಳಿ ಸಿಟ್ಟು ಬಂತು. ಈಗ ಯೋಚಿಸಿದರೆ, ಆ ದಿನ ನಾನು ಕೇಳಿದ ಮಾತುಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಅದೇ.

ಪುಟ್ಟಿ ಮರುದಿನ ಬೆಳಗಿನ ಜಾವ ಹೋದಳು. ಅದರ ಬಗ್ಗೆ ಬರೆಯಲಾರೆ.

ಗುಂಡನ ಬಿಳಿಕಣ ಮೊದಲು ಇನ್ನೂ ಇಳಿಯಿತು, ಆಲ್ಬುಮಿನ್ ಮಾತ್ರ ಡ್ರಿಪ್ ಹಾಕಿದ ಮೇಲೂ ಹೆಚ್ಚು ಕುಸಿಯಲಿಲ್ಲ. ಆಮೇಲೊಂದು ಬೆಳಿಗ್ಗೆ ವೈದ್ಯೆ ನನ್ನನ್ನು ಸೂಕ್ಷ್ಮದರ್ಶಕದ ಬಳಿಗೆ ಕರೆದರು. ಗಾಜಿನ ಪಟ್ಟಿಯಲ್ಲಿ ನೇರಳೆ ಬಣ್ಣದ, ಕುದುರೆಲಾಳದಂತೆ ಬಾಗಿದ ಕೋಶಕೇಂದ್ರಗಳು. ಅವು ನ್ಯೂಟ್ರೋಫಿಲ್ ಎಂಬ ಬಗೆಯ, ಇನ್ನೂ ಬಲಿಯದ ಬಿಳಿ ರಕ್ತಕಣಗಳಂತೆ. ಮಜ್ಜೆ ಮತ್ತೆ ಕೆಲಸ ಶುರುಮಾಡಿದೆ, ಅವಸರದಲ್ಲಿ ಎಳೆಯ ಕಣಗಳನ್ನೂ ಹೊರಗೆ ಕಳಿಸುತ್ತಿದೆ ಎಂದರು. ಯಂತ್ರದ ಎಣಿಕೆ ಇನ್ನೂ 1,600 ಎನ್ನುತ್ತಿತ್ತು. ಅವರ ಮುಖದಲ್ಲಿ ಮೊದಲ ಸಲ ನಗು ಕಂಡೆ.

ಮನೆಗೆ ಕಳಿಸುವಾಗ ಹೇಳಿದ್ದೆಲ್ಲ ನೆಲದ ಬಗ್ಗೆಯೇ. ಈ ವೈರಸ್ ಮನೆಯಲ್ಲಿ ವರ್ಷದವರೆಗೂ ಉಳಿಯಬಲ್ಲದು, ಸಾಮಾನ್ಯ ಫಿನಾಯಿಲಿಗೆ ಜಗ್ಗದು. ಒಂದು ಪಾಲು ಬ್ಲೀಚಿಗೆ ಮೂವತ್ತೆರಡು ಪಾಲು ನೀರು ಬೆರೆಸಿ ಒರೆಸಬೇಕು, ಹತ್ತು ನಿಮಿಷ ಒದ್ದೆಯಾಗಿಯೇ ಬಿಡಬೇಕು. ಲಸಿಕೆ ಪೂರ್ತಿಯಾಗದ ಮರಿಯನ್ನು ಸದ್ಯಕ್ಕೆ ಮನೆಗೆ ತರಲೇಬಾರದು.