ಸಾವು ಬಂದನೋ, ಬಂತೋ?

ಶನಿವಾರ ಸಂಜೆ ಇಂಗ್ಲಿಷ್ ಹಾಸ್ಯ ಕಾದಂಬರಿಕಾರ ಟೆರ್ರಿ ಪ್ರಾಚೆಟ್ ಬಗ್ಗೆ ಹರಟಲು ಏಳೆಂಟು ಜನ ಕೂತಿದ್ದೆವು. ಹೊಸದಾಗಿ ಬಂದ ಹುಡುಗಿ "ಯಾವ್ದರಿಂದ ಶುರು ಮಾಡ್ಲಿ?" ಅಂದದ್ದೇ ತಡ, ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. 1983ರಿಂದ 2015ರವರೆಗೆ ಡಿಸ್ಕ್‌ವರ್ಲ್ಡ್ ಎಂಬ ಕಲ್ಪಿತ ಲೋಕದ ಕಾದಂಬರಿಗಳೇ 41. ಬಂದ ಕ್ರಮದಲ್ಲೇ ಓದಬೇಕೆಂದು ಪಟ್ಟು ಹಿಡಿದವರೊಬ್ಬರಿದ್ದರು. ಅಂಥವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಮೊದಲೆರಡು ಹಳೆಯ ಮಾಯಾಲೋಕದ ಕಥೆಗಳ ಅಣಕ, ಆ ಕಥೆಗಳನ್ನು ಓದದವರಿಗೆ ಅರ್ಧ ನಗು ತಪ್ಪಿಹೋಗುತ್ತದೆ. ಕಾವಲುಪಡೆಯ ಕಥೆ ಬೇಕಿದ್ದರೆ 'ಗಾರ್ಡ್ಸ್! ಗಾರ್ಡ್ಸ್!', ಸಾವೇ ಒಂದು ಪಾತ್ರವಾಗಿ ಓಡಾಡುವ ಕಥೆ ಬೇಕಿದ್ದರೆ 'ಮಾರ್ಟ್', ಅಷ್ಟೇ. ಆ ಲೋಕದಲ್ಲಿ ಆಮೆಯ ಬೆನ್ನಿನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂಥ ಭೂಮಿ ಅಂದರೆ ನಮ್ಮವರಿಗೆ ವಿವರಣೆಯೇ ಬೇಡ. ದಿಗ್ಗಜಗಳು ಎಂಟಲ್ಲವೇ ಅನ್ನುತ್ತಾರೆ, ಅಷ್ಟೆ.

ಆಗ ಮೂಲೆಯಲ್ಲಿ ಸುಮ್ಮನಿದ್ದ ನಿವೃತ್ತ ಮೇಷ್ಟ್ರು ಕೇಳಿದರು: "ಕನ್ನಡಕ್ಕೆ ತಂದ್ರೆ ಸಾವು ಬಂದನೋ, ಬಂತೋ?"

ಮೂರು ದಿನದಿಂದ ಅದೇ ಕಿವಿಯಲ್ಲಿದೆ. ಇಂಗ್ಲಿಷಿನಲ್ಲಿ ಅವನು ಗಂಡು. ಕಪ್ಪು ನಿಲುವಂಗಿ ತೊಟ್ಟ ಅಸ್ಥಿಪಂಜರ, ಕುದುರೆಯ ಹೆಸರು ಬಿಂಕಿ (ನಮ್ಮ ಬಿಂಕಕ್ಕೂ ಅದಕ್ಕೂ ನಂಟಿಲ್ಲ), ಬೆಕ್ಕೆಂದರೆ ಪ್ರಾಣ. 41ರಲ್ಲಿ 39 ಪುಸ್ತಕಗಳಲ್ಲಿ ಮುಖ ತೋರಿಸುತ್ತಾನೆ. ನಮ್ಮಲ್ಲಿ ಯಮ ಬಂದ, ಸಾವು ಬಂತು. ಮಹಾಭಾರತದ ಮೃತ್ಯುವಂತೂ ಹೆಣ್ಣು, ಕೊಲ್ಲಲಾರೆನೆಂದು ಬ್ರಹ್ಮನ ಮುಂದೆ ಅತ್ತವಳು. ಯಾವುದನ್ನು ಆರಿಸಿದರೂ ಒಂದು ಪುರಾಣ ಬೆನ್ನಿಗೆ ಬೀಳುತ್ತದೆ.

ಅವನೇ ಮಾತಾಡುವಾಗ ತೊಂದರೆಯಿಲ್ಲ. 'ಬಂದೆ', 'ಬಂದೆಯಾ' ಎರಡಕ್ಕೂ ಲಿಂಗವಿಲ್ಲ. ನಿರೂಪಣೆಯಲ್ಲಿ 'ಬಾಗಿಲಲ್ಲಿ ನಿಂತಿದ್ದುದು ಸಾವು' ಅಂತ ಒಂದೆರಡು ಸಲ ಜಾರಿಕೊಳ್ಳಬಹುದು; ಮುನ್ನೂರು ಪುಟ ಹಾಗೆ ಜಾರಲಾಗದು.

ಇನ್ನೊಂದು ಪೇಚು ದನಿಯದು. ಸಾವಿನ ಮಾತಿಗೆ ಮೂಲದಲ್ಲಿ ಉದ್ಧರಣ ಚಿಹ್ನೆಯಿಲ್ಲ, ಅಕ್ಷರವೆಲ್ಲ ಕ್ಯಾಪಿಟಲ್. ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ಲೇ ಇಲ್ಲ. ದಪ್ಪಕ್ಷರ ಹಾಕಿದರೆ ಸಣ್ಣ ಅಳತೆಯಲ್ಲಿ ಒತ್ತಕ್ಷರಗಳು ಮಸಿಗಟ್ಟುತ್ತವೆ. ಅಕ್ಷರಗಳ ನಡುವೆ ಜಾಗ ಬಿಟ್ಟರೆ ಪದವೇ ಚೆದುರಿದಂತೆ ಕಾಣುತ್ತದೆ. ಬಂದ ಕ್ರಮದಲ್ಲೇ ಓದಬೇಕೆಂದವರು ಹಳಗನ್ನಡ ಸೂಚಿಸಿದರು. ಕೂಡದು. ಹಾಗೆ ಮಾಡಿದರೆ ಅವನು ರಂಗಸ್ಥಳದ ಯಮನಾಗಿ ಮೀಸೆ ತಿರುವುತ್ತಾನೆ. ಪ್ರಾಚೆಟ್‌ನ ಸಾವು ಅಬ್ಬರಿಸುವವನಲ್ಲ. ಮನುಷ್ಯರು ಹೀಗೇಕೆ ಅಂತ ತಿಳಿಯದೆ ಕಕ್ಕಾಬಿಕ್ಕಿಯಾಗುವ, ಹೇಳಿದ್ದನ್ನು ಹೇಳಿದಂತೆಯೇ ನಂಬುವ ಗುಮಾಸ್ತ. ಉದ್ಧರಣ ಚಿಹ್ನೆ ಕಿತ್ತು, ಅವನ ಮಾತನ್ನು ಬೇರೆ ಸಾಲಿಗಿಟ್ಟು, ವಾಕ್ಯ ಚಿಕ್ಕದು ಮಾಡಿ, 'ಕಣೋ', 'ಮಾರಾಯ' ಎಲ್ಲ ತೆಗೆದರೆ ದನಿ ತಾನಾಗಿ ತಣ್ಣಗಾಗುತ್ತದೆ.

"ಬಂದರು ಅನ್ನಿ" ಅಂದಳು ಆ ಹುಡುಗಿ. "ಮರ್ಯಾದೆನೂ ಆಯ್ತು, ಗಂಡೋ ಹೆಣ್ಣೋ ಅನ್ನೋ ರಗಳೆನೂ ಇಲ್ಲ." ಒಂದೂ ಪುಸ್ತಕ ಓದಿರದ ಅವಳೇ ಅವತ್ತು ಎಲ್ಲರಿಗಿಂತ ಚುರುಕು.

2015ರ ಮಾರ್ಚ್ 12ರಂದು ಪ್ರಾಚೆಟ್ ತೀರಿಕೊಂಡ ಸುದ್ದಿ ಅವರ ಟ್ವಿಟರ್ ಖಾತೆಯಲ್ಲಿ ಬಂದದ್ದೂ ಅದೇ ಕ್ಯಾಪಿಟಲ್ ಅಕ್ಷರದಲ್ಲಿ, ಸಾವಿನ ದನಿಯಲ್ಲಿ. ಅದನ್ನು ಹೇಳಿದಾಗ ಮೇಷ್ಟ್ರು ಲೋಟ ಕೆಳಗಿಟ್ಟರು.

"ಹಾಗಾದ್ರೆ ಬಂದ ಅಂತ್ಲೇ ಇರ್ಲಿ. ಮೂವತ್ತು ವರ್ಷದ ಪರಿಚಯ, ಬಹುವಚನ ಯಾಕೆ?"